ತಾಳಕ್ಕೆ ಸರಿಯಾಗಿ ಮಾಯವಾದ ಕಮಾನು

ಹಳೆ ಫಿಲ್ಮಿನ ಧೂಳು, ಗೀರು ತೆಗೆಯುವುದು ನನ್ನ ಕೆಲಸ. ಸೇರಿದ ಮೊದಲ ವರ್ಷ ಕೈಗೆ ಬಂದದ್ದು 1930ರ ದಶಕದ ಅಮೆರಿಕದ ಒಂದು ಸಂಗೀತದ ಕಾರ್ಟೂನ್. ಬ್ಲೂ-ರೇಗೆ ಹೋಗಬೇಕಿತ್ತು. ಏಳೇ ನಿಮಿಷ ತಾನೇ, ಎರಡು ದಿನದಲ್ಲಿ ಮುಗಿಸಿಬಿಡ್ತೀನಿ ಅಂದುಕೊಂಡೆ.

ಡಿಸ್ನಿಯ 'ಸಿಲ್ಲಿ ಸಿಂಫನಿ' ಗೊತ್ತಲ್ವಾ? 1929ರಿಂದ 1939ರವರೆಗೆ ಬಂದ 75 ಕಿರುಚಿತ್ರಗಳು. ಮೊದಲನೆಯದರಲ್ಲಿ ಅಸ್ಥಿಪಂಜರಗಳು ಸ್ಮಶಾನದಲ್ಲಿ ಕುಣಿಯುತ್ತವೆ. ನನ್ನ ಕೈಗೆ ಬಂದದ್ದೂ ಅದೇ ಜಾತಿಯದು. ಇಂಥವುಗಳಲ್ಲಿ ತಾಳದ ಲೆಕ್ಕ ಹಾಕಿಕೊಂಡೇ ಚಿತ್ರ ಬರೆಯುತ್ತಿದ್ದರು. ಸೆಕೆಂಡಿಗೆ 24 ಫ್ರೇಮ್; 12 ಫ್ರೇಮಿಗೊಂದು ಪೆಟ್ಟು ಅಂದರೆ ಸೆಕೆಂಡಿಗೆ ಎರಡು.

ನಾನು ಸೌಂಡ್ ಮ್ಯೂಟ್ ಮಾಡಿ, ಸಾಫ್ಟ್‌ವೇರನ್ನು ಜೋರಾಗಿ ಓಡಿಸಿದೆ. ಚಿತ್ರ ಕನ್ನಡಿ ಥರ ಹೊಳೆಯಿತು. ನಮ್ಮ ಸೀನಿಯರ್ ಮೇಡಂ ಬಂದು ಸೌಂಡ್ ಹಾಕಿದರು. ಬೆಕ್ಕು ಪಿಟೀಲು ನುಡಿಸುತ್ತಿದೆ. ಸ್ವರ ಕೇಳುತ್ತಿದೆ, ಕಮಾನು ಮಾತ್ರ ಇಲ್ಲ! ನಿಧಾನಕ್ಕೆ ಎಳೆದಾಗ ಇದೆ, ಸರಕ್ಕನೆ ಎಳೆದಾಗ ಮಾಯ. ಮೀಸೆಯೂ ಅರ್ಧ ಹೋಗಿತ್ತು.

"ಧೂಳಿನ ಜೊತೆ ಗೆರೇನೂ ಒರೆಸಿದ್ದೀಯಲ್ಲೋ" ಅಂದರು.

ಆಗಿದ್ದು ಇಷ್ಟೇ. ಸಾಫ್ಟ್‌ವೇರ್ ಹಿಂದಿನ, ಮುಂದಿನ ಫ್ರೇಮ್ ಹೋಲಿಸುತ್ತದೆ. ಒಂದೇ ಫ್ರೇಮಿನಲ್ಲಿ ಕಂಡದ್ದು ಅದಕ್ಕೆ ಕಸ. ವೇಗವಾಗಿ ಚಲಿಸುವ ಸಣ್ಣ ಗೆರೆಯೂ ಒಂದು ಜಾಗದಲ್ಲಿ ಒಂದೇ ಫ್ರೇಮ್ ಇರುತ್ತದೆ. ಅದೂ ಪೆಟ್ಟು ಬೀಳುವ ಜಾಗದಲ್ಲೇ ಜಾಸ್ತಿ. ತಮಾಷೆ ನೋಡಿ, ನಿಜವಾದ ಧೂಳಲ್ಲೇ ಒಂದಿಷ್ಟನ್ನು ಅದು ಹಾಗೇ ಬಿಟ್ಟಿತ್ತು! ವೇಗದ ಚಲನೆ ಬಿಟ್ಟರೆ, ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ತೆಗೆಯುವುದು ರೂಢಿ. ಸೆಲ್ಲಿನ (ಚಿತ್ರ ಬರೆದ ಪಾರದರ್ಶಕ ಹಾಳೆಯ) ಮೇಲೆ ಕೂತ ಧೂಳು ಎರಡೂ ಫ್ರೇಮಿನಲ್ಲಿರುತ್ತದೆ, ಹಾಗಾಗಿ ಅದು ಚಿತ್ರದ್ದೇ ಅಂತ ಲೆಕ್ಕ.

ಈ ಎಡವಟ್ಟು ಹೊಸದೇನಲ್ಲ. ಡಿವಿಡಿ ಕಾಲದಿಂದಲೂ ಕಾರ್ಟೂನ್ ಪ್ರಿಯರು ಬೈಯುತ್ತಲೇ ಬಂದಿದ್ದಾರೆ. ನನಗೆ ಗೊತ್ತಿರಲಿಲ್ಲ, ಅಷ್ಟೇ.

ಎಲ್ಲ ರದ್ದು ಮಾಡಿ ಕೈಯಲ್ಲೇ ಶುರು ಮಾಡಿದೆ. ಈ ಚಿತ್ರದ ನೆಗೆಟಿವ್‌ನಲ್ಲಿ ಪ್ರತಿ ಫ್ರೇಮನ್ನೂ ಕೆಂಪು, ಹಸಿರು, ನೀಲಿ ಫಿಲ್ಟರಿನ ಮೂಲಕ ಮೂರು ಸಲ ಕಪ್ಪು-ಬಿಳುಪಿನಲ್ಲಿ ತೆಗೆದಿದ್ದರು. ಫಿಲ್ಮಿಗೆ ಮೆತ್ತಿದ ಕಸ ಒಂದರಲ್ಲಿ ಮಾತ್ರ ಇರುತ್ತದೆ, ಹಾಗಾಗಿ ಬಣ್ಣದ ಚುಕ್ಕೆಯಾಗಿ ಕಾಣುತ್ತದೆ. ಮೂರರಲ್ಲೂ ಇದ್ದರೆ ಅದು ಆವತ್ತೇ ಸೆಲ್ಲಿನ ಮೇಲೆ ಬಿದ್ದದ್ದು. ಇದನ್ನು ಮೇಡಂ ತೋರಿಸಿಕೊಟ್ಟರು. ಹೆಡ್‌ಫೋನ್ ಹಾಕಿಕೊಂಡು, ಪೆಟ್ಟು ಬೀಳುವ ಕಡೆಯೆಲ್ಲ ನಿಲ್ಲಿಸಿ ನೋಡಿದೆ. ಮೂರು ವಾರ ಹಿಡಿಯಿತು.

ಬೆಕ್ಕಿನ ಮೂಗಿನ ಮೇಲೆ ಎರಡು ಫ್ರೇಮ್ ಒಂದು ಚುಕ್ಕೆ ಇತ್ತು. ಮೂರರಲ್ಲೂ ಇತ್ತು. ತೆಗೆಯಲಾ ಅಂತ ಕೇಳಿದೆ. "ಇರಲಿ ಬಿಡು, ಅವರೇ ಬಿಟ್ಟಿದ್ದಾರೆ" ಅಂದರು.