ಒಂದೇ ಊರಲ್ಲಿ ಎಂಟು ದಿನ ಏನು ಮಾಡಿದಿರಿ?

"ಇಟಲಿಗೆ ಹೋಗಿದ್ದೀರಿ. ರೋಮ್ ನೋಡಲಿಲ್ಲ, ವೆನಿಸ್ ನೋಡಲಿಲ್ಲ. ಯಾವುದೋ ಸಣ್ಣ ಊರಲ್ಲಿ ಎಂಟು ದಿನ ಇದ್ದು ಬಂದಿದ್ದೀರಿ. ಮಕ್ಕಳಿಗೆ ಬೇಜಾರಾಗಲಿಲ್ವಾ?"

ಮೊದಲು ಕೇಳಿದ್ದು ಹಾಸನದಲ್ಲಿರುವ ಅಕ್ಕ. ಆಮೇಲೆ ಇಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ದೀಪಾವಳಿ ಊಟಕ್ಕೆ ಸೇರಿದ್ದ ಕನ್ನಡದ ಗೆಳೆಯರು ಕೇಳಿದರು. ಬೇಸಿಗೆ ರಜೆ ಹತ್ತಿರ ಬಂದ ಹಾಗೆ ಇನ್ನೂ ಜಾಸ್ತಿ ಜನ ಕೇಳುತ್ತಿದ್ದಾರೆ. ಎಲ್ಲರಿಗೂ ಫೋನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತೇನೆ.

ಬೇಜಾರಾಗಲಿಲ್ಲ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಮೆಡಿಟರೇನಿಯನ್ ಕಡಲಿಗೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಒಂದೇ ಊರು ಹಿಡಿಯಿರಿ. ಮನೆ, ಅಂಗಡಿ, ಸಮುದ್ರ ಮೂರೂ ಹತ್ತು ನಿಮಿಷದ ನಡಿಗೆಯಲ್ಲಿರಬೇಕು. ಜೂನ್‌ನಲ್ಲಿ ಹೋಗಿ, ಇಲ್ಲ ಸೆಪ್ಟೆಂಬರ್‌ನಲ್ಲಿ ಹೋಗಿ.

ಇದು ನಮಗೆ ಮೊದಲೇ ಗೊತ್ತಿರಲಿಲ್ಲ. ಮೂರು ವರ್ಷದ ಹಿಂದೆ ಹತ್ತು ದಿನಕ್ಕೆ ಐದು ಊರು ಅಂತ ಪ್ಲಾನ್ ಮಾಡಿದ್ದೆವು. ನೀಸ್‌ನಿಂದ ಶುರು, ನೇಪಲ್ಸ್‌ನಲ್ಲಿ ಕೊನೆ. ಮಗನಿಗೆ ಆಗ ಎರಡು ವರ್ಷ. ಎರಡು ದಿನಕ್ಕೊಮ್ಮೆ ಒದ್ದೆ ಬಟ್ಟೆ ಕವರಿಗೆ ತುರುಕಿ ಸ್ಟೇಷನ್ನಿಗೆ ಓಡುವುದು. ಮಗಳು ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕೇಳುತ್ತಿದ್ದಳು, "ಅಮ್ಮಾ, ಇವತ್ತು ಯಾವ ಮನೆ?" ಆ ಮಾತು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ. ದೊಡ್ಡವರಿಗೆ ದಿನಾ ಹೊಸದು ಬೇಕು. ಮಕ್ಕಳಿಗೆ ನಿನ್ನೆ ಅಗೆದ ಮರಳನ್ನೇ ಇವತ್ತು ಮತ್ತೆ ಅಗೆಯಬೇಕು.

ಅದಕ್ಕೇ ಹೋದ ವರ್ಷ ಚೆಫಲೂ ಅಂತ ತೀರ್ಮಾನ ಮಾಡಿದೆವು. ಸಿಸಿಲಿ ದ್ವೀಪದ ಉತ್ತರ ತೀರದಲ್ಲಿ, ಪಲೆರ್ಮೊ ನಗರದಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. ಪಲೆರ್ಮೊದಿಂದ ಲೋಕಲ್ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಇಳಿಯುತ್ತೀರಿ. ಹಿಂದೆ ದೊಡ್ಡ ಬಂಡೆ ಬೆಟ್ಟ, ಮುಂದೆ ಸಮುದ್ರ, ನಡುವೆ ಒತ್ತೊತ್ತಾಗಿ ಕೂತ ಹಳೇ ಊರು. ಗ್ರೀಕ್ ಭಾಷೆಯಲ್ಲಿ ಕೆಫಲೆ ಅಂದರೆ ತಲೆ. ಊರಿನ ಹೆಸರು ಬಂದಿದ್ದು ಅದರಿಂದ. ರೈಲಿನ ಕಿಟಕಿಯಿಂದ ಬಂಡೆ ಕಂಡಾಗ ಮಗ, "ಮೂಗೆಲ್ಲಿ?" ಅಂತ ಹುಡುಕತೊಡಗಿದ. ಊರು ಬಿಡುವವರೆಗೂ ಹುಡುಕುತ್ತಲೇ ಇದ್ದ.

ತಿಂಗಳ ವಿಷಯದಲ್ಲಿ ರಾಜಿ ಬೇಡ. ಸಿಸಿಲಿಯ ಬಿಸಿಲು ನಮ್ಮ ಮೈಸೂರು ಬಿಸಿಲಿನ ಹಾಗಲ್ಲ. 2021ರ ಆಗಸ್ಟ್ 11ರಂದು ಅದೇ ದ್ವೀಪದ ಸಿರಾಕ್ಯೂಸ್ ಹತ್ತಿರ 48.8 ಡಿಗ್ರಿ ದಾಖಲಾಯಿತು, ಯುರೋಪ್ ಖಂಡದಲ್ಲೇ ಅದು ಅತಿ ಹೆಚ್ಚು. 2023ರ ಜುಲೈ ಕೊನೆಯಲ್ಲಿ ಪಲೆರ್ಮೊ ಸುತ್ತ ಕಾಳ್ಗಿಚ್ಚು ಎದ್ದು ವಿಮಾನ ನಿಲ್ದಾಣವನ್ನೇ ಕೆಲವು ಗಂಟೆ ಮುಚ್ಚಿದ್ದರು. ಆಫ್ರಿಕಾ ಕಡೆಯಿಂದ ಶಿರೊಕ್ಕೊ ಅನ್ನುವ ಬಿಸಿಗಾಳಿ ಬೀಸಿದರೆ ದೊಡ್ಡವರಿಗೇ ಉಸಿರು ಕಟ್ಟುತ್ತದೆ. ಅದೂ ಅಲ್ಲದೆ ಆಗಸ್ಟ್ 15ರ ಫೆರಾಗೊಸ್ತೊ ಹಬ್ಬದ ಆಚೀಚೆ ಇಡೀ ಇಟಲಿ ರಜೆ ಹಾಕಿ ಕಡಲ ತೀರಕ್ಕೆ ಬರುತ್ತದೆ, ರೂಮಿನ ಬಾಡಿಗೆ ಗಗನಕ್ಕೇರುತ್ತದೆ. ಜರ್ಮನಿಯಲ್ಲಿ ನಾವಿರುವ ರಾಜ್ಯದ ಶಾಲೆಗಳಿಗೆ ಮೇ ಕೊನೆ, ಜೂನ್ ಹೊತ್ತಿಗೆ ಎರಡು ವಾರ ಫಿಂಗ್ಸ್ಟನ್ ಅನ್ನುವ ಕ್ರೈಸ್ತ ಹಬ್ಬದ ರಜೆ ಸಿಗುವುದರಿಂದ ನಾವು ಜೂನ್ ಆರಿಸಿದೆವು. ನೀರು ಇಪ್ಪತ್ತೆರಡು ಡಿಗ್ರಿ ಆಸುಪಾಸಿನಲ್ಲಿತ್ತು. ಮೊದಲ ಹೆಜ್ಜೆಗೆ ಚಳಿ ಚಳಿ, ಐದು ನಿಮಿಷ ಕಳೆದ ಮೇಲೆ ಮಕ್ಕಳು ಹೊರಗೆ ಬರಲೊಲ್ಲರು.

ಬೆಂಗಳೂರಿನಿಂದ ಹೊರಡುವವರಿಗೆ ಒಂದು ಮಾತು. ಜರ್ಮನಿ, ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ 45, ಆರರೊಳಗಿನವರಿಗೆ ಶುಲ್ಕ ಇಲ್ಲ. ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ನಮ್ಮನ್ನು ನೋಡೋಕೆ ಹೊಳೆನರಸೀಪುರದಿಂದ ಬಂದಿದ್ದ ಅಮ್ಮ ಅದೇ ವೀಸಾದಲ್ಲಿ ನಮ್ಮ ಜೊತೆ ಸಿಸಿಲಿಗೂ ಬಂದರು. ಅಮ್ಮ ಬಂದದ್ದರಿಂದ ಈ ರಜೆಯ ರುಚಿಯೇ ಬೇರೆಯಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಮನೆ ಹಿಡಿಯುವಾಗ ಫೋಟೋ ನೋಡಿ ಮರುಳಾಗಬೇಡಿ. ಮೆಟ್ಟಿಲು ಎಷ್ಟು ಅಂತ ಕೇಳಿ. ಹಳೇ ಊರಿನ ಮನೆಗಳು ಕಿರಿದಾಗಿ ಎತ್ತರಕ್ಕೆ ಕಟ್ಟಿದ್ದು, ಎಷ್ಟೋ ಕಡೆ ಲಿಫ್ಟ್ ಇಲ್ಲ. ಮಂಡಿ ನೋವಿರುವ ಅಮ್ಮ, ನಾಲ್ಕು ವರ್ಷದ ಮಗ ಇಬ್ಬರನ್ನೂ ನೆನೆದು ನಾವು ಮೊದಲ ಮಹಡಿಯದ್ದನ್ನೇ ಹುಡುಕಿದೆವು. ಬಾಲ್ಕನಿ ಕಂಬಿಗಳ ನಡುವೆ ಎಷ್ಟು ಸಂದು ಇದೆ ಅಂತಲೂ ಕೇಳಿ. ಮನೆಯವರು ಬೇಸರ ಮಾಡಿಕೊಳ್ಳುವುದಿಲ್ಲ, ಅಳತೆ ತೆಗೆದು ಕಳಿಸುತ್ತಾರೆ. ಕಾರು ಬೇಡವೇ ಬೇಡ. ಹಳೇ ಊರಿನೊಳಗೆ ಹೊರಗಿನ ವಾಹನಗಳಿಗೆ ನಿರ್ಬಂಧ ಇದೆ, ತಿಳಿಯದೆ ನುಗ್ಗಿದರೆ ಕ್ಯಾಮೆರಾ ಹಿಡಿದು ದಂಡದ ಚೀಟಿ ಮನೆಗೇ ಬರುತ್ತದೆ. ಗಾಲಿ ಇರುವ ಮಗುವಿನ ತಳ್ಳುಗಾಡಿ ಕೂಡ ಕಲ್ಲು ಹಾಸಿನ ಬೀದಿಯಲ್ಲಿ ತಡವರಿಸುತ್ತದೆ. ಚಿಕ್ಕ ಕೂಸಿದ್ದರೆ ಎದೆಗೆ ಕಟ್ಟಿಕೊಳ್ಳುವ ಬಟ್ಟೆ ಒಳ್ಳೆಯದು.

ಇನ್ನು ಸಮುದ್ರ. ಮಲ್ಪೆ, ಗೋಕರ್ಣದ ಕಡಲು ನೋಡಿ ಬೆಳೆದವರಿಗೆ ಇದು ಮೊದಲು ಕೆರೆಯ ಹಾಗೆ ಕಾಣುತ್ತದೆ. ಮೆಡಿಟರೇನಿಯನ್‌ನಲ್ಲಿ ಉಬ್ಬರ ಇಳಿತ ಬಹಳ ಕಡಿಮೆ, ಬೆಳಿಗ್ಗೆ ಚಾಪೆ ಹಾಸಿದ ಜಾಗದಲ್ಲೇ ಸಂಜೆಯೂ ಕೂತಿರಬಹುದು. ಚೆಫಲೂ ಮರಳು ತೀರ ಹಳೇ ಊರಿಗೆ ಅಂಟಿಕೊಂಡೇ ಶುರುವಾಗುತ್ತದೆ. ನೀರು ಬಹಳ ದೂರದವರೆಗೆ ಮೊಣಕಾಲಿನಿಂದ ಸೊಂಟದ ಮಟ್ಟ. ಹಾಗಂತ ಮಕ್ಕಳಿಂದ ಕಣ್ಣು ತೆಗೆಯಬಾರದು. ಗಾಳಿ ಎದ್ದ ದಿನ ಇಲ್ಲಿಯೂ ಅಲೆ ಏಳುತ್ತದೆ. ಕೆಂಪು ಬಾವುಟ ಹಾರಿಸಿದರೆ ನೀರಿಗಿಳಿಯಬಾರದು. ನಮಗೆ ಎಂಟರಲ್ಲಿ ಒಂದು ದಿನ ಹಾಗಾಯಿತು, ಆವತ್ತು ದಂಡೆಯಲ್ಲಿ ಮರಳಿನ ಹೊಳೆ, ಮರಳಿನ ಸೇತುವೆ ಕಟ್ಟಿದ್ದೇ ಕಟ್ಟಿದ್ದು. ಲೋಳೆಮೀನು (ಜೆಲ್ಲಿಫಿಶ್) ಬಂದಿದ್ದರೆ ಜನ "ಮೆದೂಸಾ" ಅಂತ ಕೂಗುತ್ತಾರೆ, ಆ ಒಂದು ಪದ ಕಲಿತಿರಿ. ಕುಟುಕಿದರೆ ಸಮುದ್ರದ ನೀರಲ್ಲೇ ತೊಳೆಯಬೇಕು. ಸಿಹಿನೀರು ಹಾಕಬಾರದು, ಉಜ್ಜಬಾರದು.

ತೀರದಲ್ಲಿ ಎರಡು ಬಗೆ ಇದೆ. ಲೀದೊ ಅಂದರೆ ಹಣ ಕೊಟ್ಟು ಛತ್ರಿ, ಎರಡು ಒರಗುಮಂಚ ಬಾಡಿಗೆಗೆ ತೆಗೆದುಕೊಳ್ಳುವ ಜಾಗ. ಇನ್ನೊಂದು ಬಿಟ್ಟಿ ಜಾಗ, ಸ್ಪಿಯಾಜಾ ಲಿಬೆರಾ. ಮುಂದಿನ ಸಾಲಿನ ಛತ್ರಿಗೆ ದುಡ್ಡು ಜಾಸ್ತಿ, ಹಿಂದಿನ ಸಾಲು ಸಾಕು. ನಾವು ಅಮ್ಮನಿಗೋಸ್ಕರ ಲೀದೊದಲ್ಲೇ ಕೂತೆವು. ನೆರಳು, ಶೌಚಾಲಯ, ಮೈ ತೊಳೆಯಲು ನಲ್ಲಿ ಇರುವುದು ಮಕ್ಕಳಿರುವವರಿಗೆ ಚೈನಿಯಲ್ಲ, ಬೇಕೇ ಬೇಕು.

ಮಧ್ಯಾಹ್ನದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚು ಜನ ಎಡವುವುದು ಇಲ್ಲೇ. ಒಂದು ಗಂಟೆ ಹೊತ್ತಿಗೆ ಊರು ಕದ ಹಾಕುತ್ತದೆ. ಸಣ್ಣ ಅಂಗಡಿಗಳೆಲ್ಲ ಬಂದ್, ಬೀದಿಯಲ್ಲಿ ಬೆಕ್ಕು ಮಾತ್ರ. ನಾಲ್ಕು ಗಂಟೆ ಮೇಲೆ ಮತ್ತೆ ಜೀವ ಬರುತ್ತದೆ. ಮೊದಲ ದಿನ ನಾವು ಆ ಹೊತ್ತಲ್ಲಿ ಸುತ್ತಾಡಲು ಹೋಗಿ ಮಕ್ಕಳನ್ನು ಅಳಿಸಿದೆವು. ಮರುದಿನದಿಂದ ಊರಿನ ಹಾಗೇ ಇದ್ದೆವು. ಎಂಟೂವರೆಗೆ ನೀರಿಗೆ, ಹನ್ನೊಂದೂವರೆಗೆ ಮನೆಗೆ, ಸ್ನಾನ, ಮೊಸರನ್ನ, ಮರದ ಬಾಗಿಲು ಹಾಕಿ ಕತ್ತಲೆ ಮಾಡಿ ನಿದ್ದೆ. ಐದಕ್ಕೆ ಮತ್ತೆ ಸಮುದ್ರ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆ ಹತ್ತಿರ. ಆಮೇಲೆ ಇಡೀ ಊರು ಬೀದಿಗೆ ಬರುತ್ತದೆ. ಅಜ್ಜ ಅಜ್ಜಿ, ಕೈಗೂಸು, ಎಲ್ಲರೂ. ಸುಮ್ನೆ ನಡೆಯುವುದು, ನಿಂತು ಮಾತಾಡುವುದು. ಚರ್ಚಿನ ಮುಂದಿನ ಚೌಕದಲ್ಲಿ ರಾತ್ರಿ ಹತ್ತಾದರೂ ಮಕ್ಕಳು ಚೆಂಡು ಒದೆಯುತ್ತಿರುತ್ತಾರೆ. ಜರ್ಮನಿಯಲ್ಲಿ ಏಳೂವರೆಗೆ ಮಲಗಿಸುವ ನಮ್ಮ ಮಕ್ಕಳಿಗೆ ಅದೇ ದೊಡ್ಡ ಹಬ್ಬ. ಮೂರನೇ ರಾತ್ರಿ ಭಾಷೆ ಬಾರದಿದ್ದರೂ ಮಗಳನ್ನು ಗೋಲಿಗೆ ನಿಲ್ಲಿಸಿದ್ದರು. ನಾಲ್ಕನೇ ರಾತ್ರಿ ಕರೆಯಲು ಅವರೇ ಓಡಿ ಬಂದರು. ಎರಡೇ ದಿನ ಇದ್ದು ಹೊರಟಿದ್ದರೆ ಆ ನಾಲ್ಕನೇ ರಾತ್ರಿ ಎಲ್ಲಿಂದ ಬರುತ್ತಿತ್ತು?

ಊಟದ ಚಿಂತೆ ಎಲ್ಲ ಸಸ್ಯಾಹಾರಿಗಳದ್ದೂ. ಪಲೆರ್ಮೊ ಕಡೆ ಪನೆಲ್ಲೆ ಅಂತ ಮಾಡುತ್ತಾರೆ. ಕಡಲೆ ಹಿಟ್ಟನ್ನು ನೀರಲ್ಲಿ ಕಾಯಿಸಿ, ಗಟ್ಟಿ ಮಾಡಿ, ತೆಳ್ಳಗೆ ಕತ್ತರಿಸಿ ಕರಿದು ಎಳ್ಳು ಹಚ್ಚಿದ ಬನ್ನಿನೊಳಗೆ ಇಡುತ್ತಾರೆ. ಅಮ್ಮ ಒಂದು ಕಚ್ಚು ತಿಂದು, "ಇದು ನಮ್ಮ ಬಜ್ಜಿಯ ದಾಯಾದಿ ಕಣೇ," ಅಂದರು. ಬದನೆಕಾಯಿ ಹಾಕಿದ ಪಾಸ್ತಾ ಅಲ್ಲಾ ನೋರ್ಮಾ ಎಲ್ಲ ಕಡೆ ಸಿಗುತ್ತದೆ. ಅರಂಚೀನಾ ಅನ್ನುವ ಅನ್ನದ ಉಂಡೆ ಕೊಳ್ಳುವಾಗ ಮಾತ್ರ ಹುಷಾರು. "ಅಲ್ ಬುರ್ರೊ" ಅಂದರೆ ಬೆಣ್ಣೆಯದ್ದು, ಸಸ್ಯಾಹಾರ ಅಂದುಕೊಳ್ಳುತ್ತೇವೆ, ಒಳಗೆ ಹಂದಿ ಮಾಂಸದ ಚೂರು ಇರುತ್ತದೆ. ಪಾಲಕ್ ಹಾಕಿದ್ದು ಕೇಳಿ, ಆದರೂ ಒಳಗೇನಿದೆ ಅಂತ ವಿಚಾರಿಸಿ. ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ, ತಾಜಾ ಪಾಸ್ತಾದಲ್ಲಿ ಇರಬಹುದು. ನಾವು ತೊಗರಿ ಬೇಳೆ, ಸಾರಿನ ಪುಡಿ, ಚಿಕ್ಕ ಕುಕ್ಕರ್ ಒಯ್ದಿದ್ದೆವು. ಅಲ್ಲಿಯ ಗಿಡ್ಡ ಅಕ್ಕಿ ಅಂಟಂಟು, ಮೊಸರನ್ನಕ್ಕೂ ಪೊಂಗಲ್ಲಿಗೂ ಹೇಳಿ ಮಾಡಿಸಿದ ಹಾಗಿದೆ.

ಬೆಳಗಿನ ತಿಂಡಿಗೆ ಸಿಸಿಲಿಯವರು ಬೇಸಿಗೆಯಲ್ಲಿ ಗ್ರಾನೀತಾ ತಿನ್ನುತ್ತಾರೆ, ನಿಂಬೆಯದೋ ಬಾದಾಮಿಯದೋ ಹಿಮದ ಪುಡಿ. ಜೊತೆಗೆ ಮೆತ್ತನೆಯ ಸಿಹಿ ಬ್ರೆಡ್ಡು, ಬ್ರಿಯೋಶ್ ಕೊಲ್ ತುಪ್ಪೊ. ಹೆಸರು ಕೇಳಿ ಅಮ್ಮ, "ತುಪ್ಪ ಹಾಕಿದ್ದಾರಾ?" ಅಂದರು. ತುಪ್ಪ ಅಲ್ಲ. ತುಪ್ಪೊ ಅಂದರೆ ಅವರಲ್ಲಿ ಹೆಂಗಸರು ಹಿಂದೆ ಕಟ್ಟುವ ತುರುಬು. ಬ್ರೆಡ್ಡಿನ ನೆತ್ತಿಯ ಮೇಲೆ ಒಂದು ಚಿಕ್ಕ ಗುಂಡು ಇರುತ್ತದೆ, ಥೇಟ್ ಅಮ್ಮನ ತುರುಬೇ. ಮಕ್ಕಳು ಅಂದಿನಿಂದ ಅದಕ್ಕೆ "ಅಜ್ಜಿ ಬ್ರೆಡ್" ಅಂತ ಹೆಸರಿಟ್ಟರು. ಅದರಲ್ಲಿ ಮೊಟ್ಟೆ ಇರುವುದರಿಂದ ಅಜ್ಜಿ ಮಾತ್ರ ತಿನ್ನಲಿಲ್ಲ, ಬಾದಾಮಿ ಗ್ರಾನೀತಾ ದಿನಾ ಎರಡು ಚಮಚ ಜಾಸ್ತಿ ತಿಂದರು.

ನೋಡುವ ಜಾಗ ಅಂತ ನಾವು ದಿನಕ್ಕೊಂದು ಕೂಡ ಇಟ್ಟುಕೊಳ್ಳಲಿಲ್ಲ. ಡುವೊಮೊ ಅನ್ನುವ ದೊಡ್ಡ ಚರ್ಚನ್ನು 1131ರಲ್ಲಿ ನಾರ್ಮನ್ ರಾಜ ಎರಡನೇ ರೋಜರ್ ಕಟ್ಟಿಸಲು ಶುರು ಮಾಡಿದ. 2015ರಲ್ಲಿ ಪಲೆರ್ಮೊ, ಮೊನ್‌ರೆಯಾಲೆಯ ಕಟ್ಟಡಗಳ ಜೊತೆ ಇದೂ ಯುನೆಸ್ಕೊ ಪಟ್ಟಿಗೆ ಸೇರಿದೆ. ಒಳಗೆ ಚಿನ್ನದ ಬಣ್ಣದ ಸಣ್ಣ ಸಣ್ಣ ಚೂರುಗಳಲ್ಲಿ ಮಾಡಿದ ಕ್ರಿಸ್ತನ ದೊಡ್ಡ ಚಿತ್ರ ಇದೆ. ಕೈಯಲ್ಲಿ ತೆರೆದ ಪುಸ್ತಕ, ಒಂದು ಪುಟ ಗ್ರೀಕ್, ಇನ್ನೊಂದು ಪುಟ ಲ್ಯಾಟಿನ್. ಎರಡರಲ್ಲೂ ಒಂದೇ ವಾಕ್ಯ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಜರ್ಮನ್ ಬರೆಯುವ ಮಗಳು ಅಲ್ಲೇ ನಿಂತುಬಿಟ್ಟಳು. "ಆ ಊರವರಿಗೂ ಎರಡೂ ಬೇಕಿತ್ತಾ?" ಅಂದಳು.

ಅಮ್ಮನಿಗೆ ಹಿಡಿಸಿದ್ದು ಬೇರೆ. ಮುಖ್ಯ ಬೀದಿಯಿಂದ ಕಪ್ಪು ಕಲ್ಲಿನ ಮೆಟ್ಟಿಲು ಬಳಸಿ ಕೆಳಗಿಳಿದರೆ ಹಳೆಯ ಬಟ್ಟೆ ಒಗೆಯುವ ಜಾಗ ಇದೆ, ಲವತೊಯೊ. ಗೋಡೆಯಲ್ಲಿ ಕಬ್ಬಿಣದ ಸಿಂಹದ ಬಾಯಿಗಳು, ಅವುಗಳಿಂದ ಚೆಫಲೀನೊ ಅನ್ನುವ ಹೊಳೆಯ ನೀರು ಕಲ್ಲಿನ ತೊಟ್ಟಿಗೆ ಬೀಳುತ್ತದೆ. ಬೆಳ್ಳಿಗಿಂತ ಶುದ್ಧ, ಹಿಮಕ್ಕಿಂತ ತಣ್ಣಗೆ ಅಂತ ಆ ನೀರನ್ನು ಹೊಗಳಿ ಅಲ್ಲೇ ಕೆತ್ತಿದ್ದಾರೆ. ಬಿಸಿಲಿನಿಂದ ಇಳಿದವರ ಮೈ ಒಮ್ಮೆಲೇ ತಂಪಾಗುತ್ತದೆ. ಪ್ರತಿ ತೊಟ್ಟಿಯ ಅಂಚಿಗೂ ಓರೆಯಾದ ಕಲ್ಲು, ಉಜ್ಜಿ ಉಜ್ಜಿ ಸವೆದದ್ದು. ಅಮ್ಮ ಬಗ್ಗಿ ಅದರ ಮೇಲೆ ಅಂಗೈ ಇಟ್ಟರು. ಸವೆದ ಕಡೆಯೇ ಕೈ ಹೋಯಿತು. "ಬಲಗೈಯವರು ನೋಡು, ಈ ಪಕ್ಕ ಜಾಸ್ತಿ ಸವೆದಿದೆ," ಅಂದರು. ಹೇಮಾವತಿ ಹೊಳೆಯಲ್ಲಿ ತಾವು ತಮ್ಮ ಅಮ್ಮನ ಜೊತೆ ಬಟ್ಟೆ ಒಯ್ಯುತ್ತಿದ್ದದ್ದು, ಒಗೆದು, ಜಾಲಿಸಿ, ಇಬ್ಬರು ಎರಡು ತುದಿ ಹಿಡಿದು ಸೀರೆ ಹಿಂಡುತ್ತಿದ್ದದ್ದು, ಎಲ್ಲ ಮೊಮ್ಮಕ್ಕಳಿಗೆ ಅಭಿನಯ ಮಾಡಿ ತೋರಿಸಿದರು. ಮಗಳ ಟವಲ್ಲೇ ಸೀರೆ. ಪಕ್ಕದಲ್ಲಿ ನಿಂತಿದ್ದ ಅಲ್ಲಿಯ ಅಜ್ಜಿಯೊಬ್ಬರು ನಕ್ಕು, ಟವಲ್ಲಿನ ಇನ್ನೊಂದು ತುದಿ ಹಿಡಿದು ತಿರುಚಿದರು. ಇಬ್ಬರಿಗೂ ಗೊತ್ತಿರುವ ಪದ ಒಂದೂ ಇರಲಿಲ್ಲ. ಅಮ್ಮ ಆಮೇಲೆ ಇನ್ನೂ ಮೂರು ಸಲ ಅಲ್ಲಿಗೆ ಹೋಗಿ ಮೆಟ್ಟಿಲ ಮೇಲೆ ಕೂತು ಬಂದರು.

ಎಯೋಲಿಯನ್ ದ್ವೀಪಗಳಿಗೆ ದೋಣಿ ಟ್ರಿಪ್ ಇದೆ ಅಂತ ಆಸೆ ತೋರಿಸುತ್ತಾರೆ. ಇಡೀ ದಿನದ ಪ್ರಯಾಣ, ಚಿಕ್ಕವರಿಗೆ ವಾಂತಿ. ನಾನಾದರೆ ಬಿಡುತ್ತೇನೆ. ಹುಷಾರು ತಪ್ಪಿದರೆ ಹಸಿರು ಶಿಲುಬೆಯ ದೀಪ ಇರುವ ಔಷಧಿ ಅಂಗಡಿಗೆ ಹೋಗಿ, ಸಣ್ಣಪುಟ್ಟದ್ದಕ್ಕೆ ಅವರೇ ಸಲಹೆ ಕೊಡುತ್ತಾರೆ. ತುರ್ತಿಗೆ 112. ಜರ್ಮನಿಯಲ್ಲಿ ಸರ್ಕಾರಿ ವಿಮೆ ಇರುವವರ ಕಾರ್ಡಿನ ಹಿಂಬದಿಯೇ ಯುರೋಪಿನ ವಿಮೆ ಕಾರ್ಡು, ಮರೆಯದೆ ಒಯ್ಯಿರಿ.

ಬಂಡೆ ಬೆಟ್ಟವನ್ನು ಏಳನೇ ದಿನಕ್ಕೆ ಉಳಿಸಿಕೊಂಡಿದ್ದೆವು. ಲಾ ರೊಕ್ಕಾ, ಸುಮಾರು 270 ಮೀಟರ್ ಎತ್ತರ. ನೆರಳು ಕಡಿಮೆ, ಕಲ್ಲು ನುಣುಪು, ಹಾಗಾಗಿ ಬೂಟು ಹಾಕಿ ಬೆಳಿಗ್ಗೆ ಗೇಟು ತೆರೆದ ಕೂಡಲೇ ಹತ್ತಬೇಕು. ಕುಡಿಯಲು ಒಬ್ಬೊಬ್ಬರಿಗೆ ಒಂದು ಲೀಟರ್ ನೀರು. ಅರ್ಧ ದಾರಿಯಲ್ಲಿ ಡಯಾನಾ ದೇವಿಯ ಗುಡಿ ಅಂತ ಕರೆಯುವ, ದೊಡ್ಡ ದೊಡ್ಡ ಕಲ್ಲು ಜೋಡಿಸಿದ ಬಹಳ ಹಳೆಯ ಕಟ್ಟಡ ಇದೆ. ಮಗನನ್ನು ಅಲ್ಲಿಂದಾಚೆ ಅವನಪ್ಪ ಹೆಗಲ ಮೇಲೆ ಹೊತ್ತರು. ಅಮ್ಮ ಕೆಳಗೆ ಡುವೊಮೊ ಮೆಟ್ಟಿಲ ಮೇಲೆ ಕೂತಿರುತ್ತೇನೆ ಅಂದಿದ್ದರು.

ಹಳೇ ಕೋಟೆ ಗೋಡೆಯ ಹತ್ತಿರ ನಿಂತು ಕೆಳಗೆ ನೋಡಿದಾಗ ಇಡೀ ಊರು ಅಂಗೈ ಮೇಲೆ ಇಟ್ಟ ಹಾಗೆ ಕಂಡಿತು. ಮಗಳು ಬೆರಳು ತೋರಿಸುತ್ತಾ ಹೋದಳು. ಅಗೋ ಚರ್ಚಿನ ಎರಡು ಗೋಪುರ. ಅದರ ಹಿಂದಿನ ಗಲ್ಲಿ ನಮ್ಮ ಮನೇದು. ಅಗೋ ಅಜ್ಜಿ ಬ್ರೆಡ್ ಅಂಗಡಿ ಬೀದಿ. ಮೂರನೇ ಸಾಲಿನ ನೀಲಿ ಛತ್ರಿ ನಮ್ಮದು. ಮಗ, "ಅಜ್ಜಿ ಎಲ್ಲಿ?" ಅಂದ. ಚೌಕದಲ್ಲಿ ಜನ ಇರುವೆಯಷ್ಟು ಚಿಕ್ಕದಾಗಿ ಕಾಣುತ್ತಿದ್ದರು, ಯಾರು ಅಂತ ಗೊತ್ತಾಗುತ್ತಿರಲಿಲ್ಲ. ಮಗಳು ಅವನ ಕೈ ಹಿಡಿದು ಮೆಟ್ಟಿಲಿನ ಎಡಗಡೆಗೆ ತೋರಿಸಿದಳು. ಅಜ್ಜಿ ದಿನಾ ಕೂರುವುದು ಅಲ್ಲೇ. ಇಬ್ಬರೂ ಆ ಕಡೆಗೆ ಕೈ ಬೀಸಿದರು.