ಹ್ಯಾಂಡ್‌ಪೋಸ್ಟಿನಿಂದ ಕುಪ್ಪಳಿಗೆ: ತೇಜಸ್ವಿಯವರ ತೋಟದ ಸೀಮೆಯಲ್ಲಿ

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಹೊರಟ ಬಸ್ಸು ಆಲ್ದೂರು ದಾಟಿದ ಮೇಲೆ ಕಿಟಕಿಯಾಚೆ ಕಾಣುವುದೆಲ್ಲ ಕಾಫಿಯೇ. ಮೇಲೆ ಸಿಲ್ವರ್ ಓಕ್ ಮರ, ಅದರ ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಆಳೆತ್ತರದ ಗಿಡಗಳು. ಫೆಬ್ರುವರಿ ನಡುಭಾಗ. ಅರೇಬಿಕಾ ಜಾತಿಯ ಕಾಫಿಯ ಕುಯ್ಲು ಎಂದೋ ಮುಗಿದು, ರೊಬಸ್ಟಾ ಜಾತಿಯದು ಕೊನೆಯ ಸುತ್ತಿನಲ್ಲಿತ್ತು. ಕಣಗಳಲ್ಲಿ ಹರಡಿದ ಚೆರ್ರಿ, ಅಂದರೆ ಕಾಫಿ ಹಣ್ಣು, ಕಪ್ಪಾಗುತ್ತ ಬಿಡುವ ಹುಳಿ ವಾಸನೆ ಬಸ್ಸಿನೊಳಗೂ ತುಂಬಿತ್ತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರು ನನ್ನ ಚೀಲ, ಟೋಪಿ ನೋಡಿ, ನಾನು ಬಾಯಿ ಬಿಡುವ ಮುಂಚೆಯೇ, "ತೇಜಸ್ವಿಯವರ ಮನೆ ನೋಡಲು ಬಂದಿರಾ? ಹ್ಯಾಂಡ್‌ಪೋಸ್ಟಿನಲ್ಲಿ ಇಳಿಯಿರಿ" ಎಂದರು. ಅವರಿಗೆ ನಮ್ಮಂಥವರ ಗುರುತು ಹತ್ತಿ ಬಹಳ ಕಾಲವಾಗಿರಬೇಕು.

ನಮ್ಮಂಥವರು ಎಂದರೆ, ಊರಿನ ಕೆಲಸ ಬಿಟ್ಟು ಮಲೆನಾಡಿನಲ್ಲಿ ನಾಲ್ಕು ಎಕರೆ ತೋಟ ಮಾಡಿಕೊಂಡು, ಬೆಳಿಗ್ಗೆ ಹಕ್ಕಿ ನೋಡುತ್ತ, ಮಧ್ಯಾಹ್ನ ಬರೆಯುತ್ತ ಇದ್ದುಬಿಡಬೇಕು ಎಂದು ಕನಸು ಕಾಣುವ ಜನ. ಕನ್ನಡದಲ್ಲಿ ಈ ಕನಸಿಗೆ ಒಬ್ಬರೇ ಸಾಕ್ಷಿ: ಪೂರ್ಣಚಂದ್ರ ತೇಜಸ್ವಿ. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದ, ಕುವೆಂಪು ಅವರ ಮಗ. ಅಧ್ಯಾಪಕರಾಗಿ ನೆಮ್ಮದಿಯಿಂದ ಇರಬಹುದಿತ್ತು. 1960ರ ದಶಕದಲ್ಲಿ ಅವರು ಮೂಡಿಗೆರೆ ಸೀಮೆಗೆ ಬಂದು ಭೂತನಕಾಡಿನ ಬಳಿ 'ಚಿತ್ರಕೂಟ' ಎಂಬ ತೋಟ ಮಾಡಿದರು. ಆಮೇಲೆ ಹ್ಯಾಂಡ್‌ಪೋಸ್ಟಿನ ಬಳಿಯ 'ನಿರುತ್ತರ' ಎಂಬ ಮನೆಗೆ ಬಂದು, 2007ರ ಏಪ್ರಿಲ್ 5ರಂದು ಅಲ್ಲಿಯೇ ತೀರಿಕೊಂಡರು. ಕಥೆ, ಕಾದಂಬರಿ, ಚಿತ್ರಕಲೆ, ಛಾಯಾಗ್ರಹಣ, ಮೀನು ಶಿಕಾರಿ, ಪ್ರಕಾಶನ, ಕೊನೆಗೆ ಕಂಪ್ಯೂಟರ್, ಎಲ್ಲವೂ ಈ ತೋಟದ ನೆರಳಿನಲ್ಲಿಯೇ ನಡೆದವು. ಅವರ ಬಗ್ಗೆ ಬರೆಯುವವರು ಕಾಡು, ಹಕ್ಕಿ, ಮೌನ ಎನ್ನುತ್ತಾರೆ. ತೋಟದ ಲೆಕ್ಕದ ಮಾತು ಬರುವುದು ಅಪರೂಪ. ನನಗೆ ನೋಡಬೇಕಾಗಿದ್ದದ್ದು ಆ ಲೆಕ್ಕವನ್ನೇ.

ಅದಕ್ಕೇ ಮೊದಲು ಹೋದದ್ದು ಗೆಳೆಯನ ಭಾವನವರ ತೋಟಕ್ಕೆ. ಸಣ್ಣ ಬೆಳೆಗಾರರು, ಅವರಿಗೆ ಸಾಹಿತ್ಯದ ಗೀಳಿಲ್ಲ. ಸ್ಪ್ರಿಂಕ್ಲರ್ ಪೈಪು ಜೋಡಿಸುತ್ತಿದ್ದವರು ನನ್ನನ್ನು ಕಂಡು, "ಬನ್ನಿ ಸಾರ್, ಮೊದಲು ಕಾಫಿ ಕುಡಿಯಿರಿ. ಪೈಪಿನ ಇನ್ನೊಂದು ತುದಿ ಆಮೇಲೆ ಹಿಡಿಯುವಿರಂತೆ" ಎಂದರು. ತಮಾಷೆಗೆ ಹೇಳಿದ್ದಲ್ಲ, ಹಿಡಿಯಲೇಬೇಕಾಯಿತು. ರೊಬಸ್ಟಾ ಹೂವಾಗಲು ಈ ಹೊತ್ತಿನಲ್ಲಿ ಒಂದು ಒಳ್ಳೆಯ ಮಳೆ ಬೇಕು. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಅದಾದ ಮೇಲೆ ಕಾಯಿ ಕಚ್ಚಲು ಮತ್ತೊಂದು ಮಳೆ ಬೇಕು. ಮಳೆ ಕೈಕೊಟ್ಟರೆ ಕೆರೆಯ ನೀರನ್ನು ಪಂಪಿನಲ್ಲಿ ಎತ್ತಿ ಮಳೆಯನ್ನೇ ತಯಾರಿಸಬೇಕು. ಹಗಲು ರಾತ್ರಿ ಎಂಜಿನ್ ಓಡುತ್ತದೆ, ಕೆಲವು ಗಂಟೆಗಳಿಗೊಮ್ಮೆ ನೀರು ಚಿಮ್ಮುವ ಜೆಟ್ಟುಗಳನ್ನು ಬೇರೆ ಜಾಗಕ್ಕೆ ಬದಲಿಸುತ್ತಿರಬೇಕು, ನಡುರಾತ್ರಿ ಎಲ್ಲೋ ಪೈಪು ಕಿತ್ತುಕೊಂಡರೆ ಟಾರ್ಚ್ ಹಿಡಿದು ಹೊರಡಬೇಕು. ಈಗ ಅದಕ್ಕೆ ಆನೆಯ ಭಯವೂ ಸೇರಿದೆ. ಯಾವ ತೋಟದಲ್ಲಿ ಆನೆ ನಿಂತಿದೆ ಎಂಬ ಸುದ್ದಿ ಬೆಳಗಾಗುವ ಮುಂಚೆ ಮೊಬೈಲಿಗೆ ಬರುತ್ತದೆ.

ಇದು ಬರೀ ಫೆಬ್ರುವರಿಯ ಕೆಲಸ. ಮೆಣಸು ಕುಯ್ಯಲು ಏಣಿ ಹತ್ತುವವರನ್ನು ಈಗಲೇ ಹುಡುಕಬೇಕು. ಮಳೆಗಾಲಕ್ಕೆ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಆಗಬೇಕು. ನೆರಳು ಹೆಚ್ಚಾದರೆ ಕೊಳೆರೋಗ, ಕಡಿಮೆಯಾದರೆ ಅರೇಬಿಕಾಗೆ ಕಾಂಡಕೊರಕ ಹುಳು. ಚಿಗುರು ತೆಗೆಯುವುದು, ಗೊಬ್ಬರ, ಕಳೆ, ಮತ್ತೆ ಕುಯ್ಲು. ಕುಯ್ಲಿಗೆ ಈಗ ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ ಜನ ಬರುತ್ತಾರೆ. ಎಷ್ಟು ಕಿಲೋ ಕುಯ್ದರೋ ಅಷ್ಟಕ್ಕೆ ಕೂಲಿ. ಸಂಜೆ ತಕ್ಕಡಿಯ ಮುಂದೆ ನಿಂತು ಒಂದೊಂದು ಚೀಲವನ್ನೂ ತೂಗಿ ಬರೆದುಕೊಳ್ಳಬೇಕು. ಆ ಹೊತ್ತಿನಲ್ಲಿ ನಾನು ಭಾವನವರಲ್ಲಿ ತೇಜಸ್ವಿಯವರ ಮಾತು ತೆಗೆದೆ. ಅವರು ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ, "ನನಗೆ ಬರೆಯಲು ಬರುತ್ತದೆ ಎಂದೇ ಇಟ್ಟುಕೊಳ್ಳಿ. ಹೊತ್ತು ಯಾವುದು ಹೇಳಿ?" ಎಂದರು.

ಉತ್ತರ ಹೇಳಲು ನನಗೆ ತೋಚಲಿಲ್ಲ. ಅವರು ಹೇಳಿದ ಮತ್ತೊಂದು ಸಂಗತಿಯೂ ಮುಖ್ಯ. ಇಂದು 50 ಕಿಲೋ ಚೀಲಕ್ಕೆ ಎಷ್ಟು ಎಂದು ವ್ಯಾಪಾರಿಗೆ ಫೋನು ಮಾಡಿ ಕೇಳಿ, ಬೇಕಾದಾಗ ಮಾರಬಹುದು. ಈಚಿನ ವರ್ಷಗಳಲ್ಲಂತೂ ರೊಬಸ್ಟಾ ಧಾರಣೆ ಯಾರೂ ಎಣಿಸದಷ್ಟು ಏರಿತು. ತೇಜಸ್ವಿ ತೋಟ ಮಾಡಿದ ಕಾಲ ಹಾಗಿರಲಿಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸುವ ದಾಸ್ತಾನಿಗೆ, ಒಪ್ಪಿಸಬೇಕಿತ್ತು, ಮನೆಖರ್ಚಿಗೆಂದು ಸ್ವಲ್ಪ ಉಳಿಸಿಕೊಳ್ಳಬಹುದಿತ್ತು ಅಷ್ಟೆ. ಹಣ ಕಂತು ಕಂತಾಗಿ, ಮಂಡಳಿ ಮಾರಿದ ಮೇಲೆ ಬರುತ್ತಿತ್ತು. 1990ರ ದಶಕದ ಆರಂಭದಲ್ಲಿ ಹಿಡಿತ ಸಡಿಲಗೊಂಡು, 1996ರಲ್ಲಿ ಬೆಳೆಗಾರರೆಲ್ಲರಿಗೂ ಮುಕ್ತ ಮಾರಾಟದ ಹಕ್ಕು ಸಿಕ್ಕಿತು. ಅಂದರೆ ತೇಜಸ್ವಿಯವರ ಬೆಳೆಗಾರಿಕೆಯ ಸುಮಾರು ಮೂರು ದಶಕಗಳು ಈ ಕಾಯ್ದೆಯಡಿಯಲ್ಲೇ ಕಳೆದವು. ತನ್ನ ಬೆಳೆಗೆ ಬೆಲೆ ಕಟ್ಟುವ ಅಧಿಕಾರ ತನಗಿಲ್ಲದ ಮನುಷ್ಯ 'ಪುಸ್ತಕ ಪ್ರಕಾಶನ' ಎಂಬ ಹೆಸರಿನಲ್ಲಿ ತನ್ನ ಪುಸ್ತಕಗಳನ್ನು ತಾನೇ ಹೊರತಂದು, ಮುಖಪುಟವನ್ನೂ ತಾನೇ ರೂಪಿಸಿದ್ದರಲ್ಲಿ ನನಗೇನೂ ವಿಚಿತ್ರ ಕಾಣುವುದಿಲ್ಲ. ಒಂದು ಫಸಲಿನ ಮೇಲಾದರೂ ಹಿಡಿತ ಇರಲಿ ಎಂದುಕೊಂಡಿರಬಹುದು. ಇದು ನನ್ನ ಊಹೆ, ಆದರೆ ಆ ಕಣದಲ್ಲಿ ನಿಂತಾಗ ಗಟ್ಟಿಯಾದ ಊಹೆ.

ಮರುದಿನ ಹ್ಯಾಂಡ್‌ಪೋಸ್ಟಿಗೆ ಹೋದೆ. 'ನಿರುತ್ತರ' ಮನೆತನದವರದು, ಪ್ರದರ್ಶನದ ಜಾಗವಲ್ಲ. ಗೇಟಿನ ಮುಂದೆ ಫೋಟೋ ತೆಗೆಸಿಕೊಳ್ಳುವ ಅಭ್ಯಾಸ ನಮ್ಮವರಿಗೆ ಏಕೆ ಬಂತೋ. ಬದುಕಿದ್ದಾಗ ಆ ಮನುಷ್ಯ ಸನ್ಮಾನ, ಹಾರ ತುರಾಯಿಗಳಿಂದ ಆದಷ್ಟು ದೂರವಿದ್ದರು. ನಾನು ರಸ್ತೆಯಲ್ಲೇ ಒಂದಷ್ಟು ದೂರ ನಡೆದು ಹಿಂದಿರುಗಿದೆ. ಆ ದಾರಿಯಲ್ಲಿ ನೆನಪಾದದ್ದು ತೇಜಸ್ವಿಗಿಂತ ಹೆಚ್ಚಾಗಿ ಅವರ ಪತ್ನಿ ರಾಜೇಶ್ವರಿಯವರು. 1966ರಲ್ಲಿ ಪುರೋಹಿತರಿಲ್ಲದ, ಆಡಂಬರವಿಲ್ಲದ 'ಮಂತ್ರಮಾಂಗಲ್ಯ'ದ ರೀತಿಯಲ್ಲಿ ಮದುವೆಯಾಗಿ ಈ ಸೀಮೆಗೆ ಬಂದವರು. ಗಂಡ ಹಕ್ಕಿಯ ಹಿಂದೆ, ಮೀನಿನ ಹಿಂದೆ ಹೋದ ದಿನಗಳಲ್ಲಿ ಮನೆಯನ್ನು ನಿಲ್ಲಿಸಿದವರು ಅವರು. ಆಮೇಲೆ 'ನನ್ನ ತೇಜಸ್ವಿ'ಯನ್ನು ಬರೆದು ಆ ಬದುಕನ್ನು ಒಳಗಿನಿಂದ ತೋರಿಸಿದರು, 2021ರಲ್ಲಿ ತೀರಿಕೊಂಡರು. ಸ್ವತಂತ್ರ ಲೇಖಕ ಎಂದು ನಾವು ಒಬ್ಬರ ಹೆಸರು ಹೇಳುತ್ತೇವೆ. ಆ ಸ್ವಾತಂತ್ರ್ಯದ ದುಡಿಮೆ ಮಾತ್ರ ಇಬ್ಬರದು.

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೊರಟರೆ ಚಳಿ ಒಂದು ಮಡಿಕೆ ಹೆಚ್ಚುತ್ತದೆ. ಹೇಮಾವತಿ ಹುಟ್ಟುವ ಜಾವಳಿ ಇದೇ ತಾಲ್ಲೂಕಿನಲ್ಲಿದೆ. ಚಾರ್ಮಾಡಿ ಘಾಟಿ ಇಲ್ಲಿಂದಲೇ ಇಳಿಯಲು ತೊಡಗುತ್ತದೆ. 2019ರ ಆಗಸ್ಟಿನಲ್ಲಿ ಈ ಗುಡ್ಡಗಳು ಕುಸಿದು ಘಾಟಿ ರಸ್ತೆ ಮುಚ್ಚಿಹೋಗಿತ್ತು. ಘಾಟಿ ಇಳಿಯುವವರೂ ಹತ್ತಿದವರೂ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲುತ್ತಾರೆ. ನಾನೂ ನಿಂತೆ. ದೋಸೆಯ ಬಗ್ಗೆ ಕೇಳಿದ ಹೊಗಳಿಕೆ ಸುಳ್ಳಲ್ಲ.

ಅಲ್ಲಿನ ತೇಜಸ್ವಿ ಪ್ರತಿಷ್ಠಾನದಲ್ಲಿ ನನ್ನ ಹೆಚ್ಚಿನ ಹೊತ್ತು ಕಳೆದದ್ದು ಅವರು ತೆಗೆದ ಹಕ್ಕಿ ಚಿತ್ರಗಳ ಮುಂದೆ. ಇವತ್ತಿನ ಛಾಯಾಗ್ರಾಹಕರು ಅಪರೂಪದ ಹಕ್ಕಿ ಹುಡುಕಿಕೊಂಡು ದೇಶ ಸುತ್ತುತ್ತಾರೆ. ತೇಜಸ್ವಿಯವರಿಗೆ ತೋಟದ ಪಿಕಳಾರ, ಸೂರಕ್ಕಿಗಳೂ ಸಾಕಿದ್ದವು. ಫಿಲ್ಮಿನ ಕಾಲ, ಒಂದೊಂದು ಕ್ಲಿಕ್ಕಿಗೂ ದುಡ್ಡು, ಚಿತ್ರ ಹೇಗೆ ಬಂತೆಂದು ತಿಳಿಯಲು ರೋಲು ತೊಳೆದು ಬರುವವರೆಗೆ ಕಾಯಬೇಕು. ಮರೆಯಲ್ಲಿ ಅಡಗಿ ಗಂಟೆಗಟ್ಟಲೆ ಕೂರಬೇಕು. ಗಾಳ ಹಾಕಿ ಕೂರುವವನಿಗೂ ಇದೇ ಪಾಠ. ಇಂಥ ಕಾಯುವಿಕೆ ನೌಕರಿಯಲ್ಲಿ ಇದ್ದವನಿಗೆ ಸಾಧ್ಯವಿರಲಿಲ್ಲ. ತೋಟ ಕೊಟ್ಟದ್ದು ಬಿಡುವನ್ನಲ್ಲ, ತನ್ನ ಹೊತ್ತನ್ನು ತಾನೇ ಹಂಚಿಕೊಳ್ಳುವ ಹಕ್ಕನ್ನು. ಭಾವನವರ ಪ್ರಶ್ನೆಗೆ ಉತ್ತರ ಇಲ್ಲಿ ಅರ್ಧ ಸಿಕ್ಕಿತು.

ಅವರ ಬರವಣಿಗೆ ಬದಲಾದದ್ದೂ ಈ ನೆಲದಲ್ಲಿಯೇ. 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಅವರು ನವ್ಯ ಸಾಹಿತ್ಯದ ದಾರಿ ತಮಗೆ ಸಾಲದು ಎಂದು ನೇರವಾಗಿ ಹೇಳಿ, ಸಮಾಜವಾದಿ ಚಿಂತಕ ಲೋಹಿಯಾ, ಕುವೆಂಪು, ಕಾರಂತರನ್ನು ತಮ್ಮ ಪ್ರೇರಣೆಗಳೆಂದು ಹೆಸರಿಸಿದರು. ಅಂದಿನಿಂದ ಕಥೆಗಳಲ್ಲಿ ಪೋಸ್ಟ್‌ಮ್ಯಾನ್, ಜವಾನ, ಕೂಲಿಯಾಳು, ಜೇನು ಹಿಡಿಯುವವನು ಮುಂದೆ ಬಂದು ನಿಂತರು. ಏಲಕ್ಕಿ ಬೆಳೆಯ ಅವನತಿಯೇ ಒಂದು ಕಾದಂಬರಿಯ ಬೆನ್ನೆಲುಬಾಗಿ, ಆ 'ಚಿದಂಬರ ರಹಸ್ಯ'ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತೋಟಕ್ಕೆ ತಗಲಿದ ರೋಗವನ್ನು ಕಥೆಯ ರಹಸ್ಯವಾಗಿಸಲು ಅಂಗಳದಲ್ಲಿಯೇ ಅದರ ವಾಸನೆ ಬಂದಿರಬೇಕು.

ಬಾಳೆಹೊನ್ನೂರಿನ ದಾರಿಯಾಗಿ ಕೊಪ್ಪದ ಕಡೆಗೆ ಹೊರಟೆ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರವಿದೆ. ಅರೇಬಿಕಾ ತೋಟಗಳಲ್ಲಿ ಈಗಲೂ ಕಾಣುವ ಎಸ್. 795 ತಳಿ ಅಲ್ಲಿಯದೇ. ಕೊಪ್ಪ ಹತ್ತಿರವಾದಂತೆ ಕಾಫಿ ಹಿಂದೆ ಸರಿದು ಅಡಿಕೆ ಮುಂದೆ ಬರುತ್ತದೆ. ಎಲೆಚುಕ್ಕಿ ರೋಗ ತಗಲಿದ ತೋಟಗಳು ದೂರದಿಂದಲೇ ಹಳದಿಯಾಗಿ ಕಾಣುತ್ತಿದ್ದವು. ಚಹಾ ಅಂಗಡಿಯಲ್ಲಿ ಸಿಕ್ಕ ಅಡಿಕೆ ಬೆಳೆಗಾರರೊಬ್ಬರು ಅದೇ ಮಾತನ್ನು ಅರ್ಧ ಗಂಟೆ ಆಡಿದರು. ತೇಜಸ್ವಿಯವರ ಕಾದಂಬರಿ 'ಕರ್ವಾಲೊ'ದ ಹಾರುವ ಓತಿಯ ಬಗ್ಗೆ ಕೇಳಿದರೆ ನಕ್ಕರು. "ನಮ್ಮ ಮರದಲ್ಲಿ ದಿನಾ ಹಾರುತ್ತದಲ್ಲ, ಅದನ್ನೇನು ಹುಡುಕುವುದು?" 1980ರಿಂದ ಕನ್ನಡ ಓದುಗರು ಬೆರಗಿನಿಂದ ಬೆನ್ನಟ್ಟಿದ ಪ್ರಾಣಿ ಅಡಿಕೆ ತೋಟದವರಿಗೆ ನಿತ್ಯದ ನೆಂಟ.

ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ, ಕವಿಶೈಲಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಸೇರಿಸುವುದೇನಿಲ್ಲ. ತೇಜಸ್ವಿಯವರ ಸ್ಮಾರಕ ಕವಿಶೈಲಕ್ಕೆ ಹೋಗುವ ದಾರಿಯಲ್ಲಿದೆ, ದೊಡ್ಡ ದೊಡ್ಡ ಕಲ್ಲುಗಳು. ಪಂಪು ಬಿಚ್ಚಿ ಸರಿಮಾಡಿ, ಕನ್ನಡಕ್ಕೆ ತನ್ನದೇ ತಂತ್ರಾಂಶ ಬೇಕೆಂದು ಹಟ ಹಿಡಿದು ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು' ತಂತ್ರಾಂಶದ ಬೆನ್ನಿಗೆ ನಿಂತವರಿಗೆ ಇಷ್ಟು ಭಾರದ ಕಲ್ಲು ಒಪ್ಪುತ್ತದೆಯೇ ಎಂದು ನನಗೆ ಅನುಮಾನ. ನೋಡಲು ಚೆನ್ನಾಗಿವೆ, ಅದು ಬೇರೆ ಮಾತು.

ಅಲ್ಲಿಯೇ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬ ಮಾತಿಗೆ ಸಿಕ್ಕ. ತೇಜಸ್ವಿಯವರನ್ನು ಪೂರ್ತಿ ಓದಿದ್ದಾನೆ. ಮೂಡಿಗೆರೆಯ ಕಡೆ ಎರಡು ಎಕರೆ ತೋಟ ನೋಡಿಟ್ಟಿದ್ದಾನೆ, ಮುಂದಿನ ವಾರ ಮುಂಗಡ ಕೊಡುವವನಿದ್ದ. "ಅಲ್ಲಿ ಕೂತು ಬರೆಯಬೇಕು ಸಾರ್" ಎಂದ. ಭಾವನವರ ತಕ್ಕಡಿ, ಪೈಪು, ಎಂಜಿನ್ನುಗಳ ಕಥೆ ಹೇಳಿದೆ. ಗಮನವಿಟ್ಟು ಕೇಳಿದನಾದರೂ ನಿರ್ಧಾರ ಕದಲಿದಂತೆ ಕಾಣಲಿಲ್ಲ. ಕೊನೆಗೆ, ಜುಲೈ ತಿಂಗಳಿನಲ್ಲಿ ಒಂದು ವಾರ ಆ ತೋಟದಲ್ಲಿ ಇದ್ದು ನೋಡಿ, ಆಮೇಲೆ ದುಡ್ಡು ಕೊಡಿ ಎಂದೆ.

"ಜುಲೈಯಲ್ಲಿ ಜಿಗಣೆ ಇರುತ್ತವೆಯೇ?" ಎಂದು ಕೇಳಿದ.

ಇರುತ್ತವೆ ಎಂದೆ. ಮೊಬೈಲು ತೆಗೆದು ಬರೆದುಕೊಂಡ.