ಸುಮ್ನೆ ನಂಬ್ಬುಡ್ತಾರಾ ಮಗ?

ಭಾನುವಾರ ಮಂಡ್ಯದಲ್ಲಿ ತಾತ ಕೇಳಿದ ಒಂದು ಮಾತು, ಮೈಸೂರಿಗೆ ವಾಪಸ್ ಬಂದು ನಾಲ್ಕು ದಿನವಾದರೂ ತಲೆಯಿಂದ ಹೋಗಿಲ್ಲ.

ಮೊಬೈಲಿನಲ್ಲಿ ಫೋಟೊ ತೋರಿಸ್ತಿದ್ದೆ. ಮೆಲ್ಬರ್ನ್‌ನಲ್ಲಿ ನಾನು ಮೊದಲ ಸಲ ವೋಟು ಹಾಕಿದ ದಿನದ್ದು, 2025ರ ಮೇ 3, ಶನಿವಾರ. ತಾತ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

"ಇಂಕೆಲ್ಲಿ?"

"ಅಲ್ಲಿ ಇಂಕು ಹಾಕಲ್ಲ ತಾತ. ಹೆಸರು, ವಿಳಾಸ ಕೇಳ್ತಾರೆ. ಈ ಎಲೆಕ್ಷನ್‌ನಲ್ಲಿ ಆಗಲೇ ವೋಟು ಹಾಕಿದ್ದೀರಾ ಅಂತಾರೆ. ಇಲ್ಲ ಅಂದ್ರೆ ಬ್ಯಾಲಟ್ ಕೊಡ್ತಾರೆ."

"ಕಾರ್ಡು?"

"ಅದನ್ನೂ ಕೇಳಲ್ಲ."

"ಸುಮ್ನೆ ನಂಬ್ಬುಡ್ತಾರಾ ಮಗ?"

ಪಟ್ಟಿಗಳನ್ನೆಲ್ಲ ಆಮೇಲೆ ತಾಳೆ ನೋಡ್ತಾರೆ, ಎರಡು ಸಲ ಹಾಕಿದವರು ಸಿಕ್ಕಿಬೀಳ್ತಾರೆ ಅಂತ ಹೇಳಿದೆ. ಆದರೆ ತಾತ ಕೇಳಿದ್ದು ಅದನ್ನಲ್ಲ ಅಂತ ನನಗೇ ಗೊತ್ತಾಯ್ತು. ಅವತ್ತು ಮೇಜಿನ ಮುಂದೆ ನಿಂತಾಗ ನನ್ನ ಎಡಗೈ ತಾನಾಗೇ ಮುಂದೆ ಹೋಗಿತ್ತು. ಆ ಹೆಂಗಸು ನಕ್ಕು ಹಸಿರು ಹಾಳೆ ಕೊಟ್ಟರು. ಒಳಗೆ ದಾರಕ್ಕೆ ಕಟ್ಟಿದ ಪೆನ್ಸಿಲ್. ಪರಿಚಯವಿಲ್ಲದ ಒಬ್ಬರು ನನ್ನ ಬಾಯಿಮಾತು ನಂಬಿದ್ದಕ್ಕೆ ಗಂಟಲು ಕಟ್ಟಿತ್ತು.

ನಾನು ಬೆಳೆದ ಊರಿನ ಇಂಕೇ ಇಡೀ ದೇಶದ ಬೆರಳಿಗೆ ಹೋಗೋದು. 1962ರ ಚುನಾವಣೆಯಿಂದಲೂ ಅದನ್ನು ಮಾಡ್ತಿರೋದು ನಮ್ಮ ಮೈಸೂರ್ ಪೇಂಟ್ಸ್. ಚಿಕ್ಕವಳಿದ್ದಾಗ ಅದು ಬರೀ ಹೆಮ್ಮೆ. ಒಬ್ಬರ ವೋಟನ್ನು ಇನ್ನೊಬ್ಬರು ಹಾಕದ ಹಾಗೆ ಕಾಯೋ ಇಂಕು ಅದು, ಈಗಲೂ ಹೆಮ್ಮೆಯೇ. ಆದರೆ ನಮ್ಮನ್ನು ನಾವು ಯಾಕೆ ಅಷ್ಟು ನಂಬಲ್ಲ ಅನ್ನೋದೂ ಈಗ ಜೊತೆಗೇ ಬರುತ್ತೆ.

ಅಲ್ಲಿಯ ಹಸಿರು ಹಾಳೆ ಅರ್ಥ ಮಾಡಿಕೊಳ್ಳೋಕೆ ನನಗೆ ವಾರಗಳೇ ಬೇಕಾದವು. ಒಬ್ಬರಿಗೆ ಗುರುತು ಹಾಕಿದರೆ ಸಾಲದು, ಇರೋ ಅಭ್ಯರ್ಥಿಗಳಿಗೆಲ್ಲ 1, 2, 3 ಅಂತ ನಂಬರ್ ಬರೀಬೇಕು. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ, ಕೊನೇಲಿರುವವರನ್ನು ತೆಗೆದು ಅವರ ವೋಟುಗಳನ್ನು ಎರಡನೇ ನಂಬರಿನವರಿಗೆ ಹಂಚ್ತಾರೆ. ನಾನು ಶುರು ಮಾಡೋ ಮುಂಚೆಯೇ ತಾತ ಹೇಳಿಬಿಟ್ಟರು: "ನಮ್ಮ ಶಿಕ್ಷಕರ ಕ್ಷೇತ್ರದ ಎಲೆಕ್ಷನ್ ಅಲ್ವಾ ಇದು? ಪ್ರಾಶಸ್ತ್ಯದ ಮತ!" ಮೇಷ್ಟ್ರಾಗಿದ್ದವರು, ಮೇಲ್ಮನೆಗೆ ಎಷ್ಟೋ ಸಲ ಹಾಗೆ ಹಾಕಿದ್ದಾರೆ. ಊರಲ್ಲಿ ಅವರಷ್ಟು ಚುರುಕು ತಲೆ ಇನ್ನೊಂದಿಲ್ಲ.

ವೋಟು ಹಾಕದಿದ್ದರೆ 20 ಡಾಲರ್ ದಂಡ ಅಂದಾಗ ಮಾತ್ರ ಅವರಿಗೆ ಸಿಟ್ಟು ಬಂತು. "ದಂಡಕ್ಕೆ ಹೆದರ್ಕೊಂಡು ಹಾಕದಾ?" ಮಂಡ್ಯದವರು ಹಾಗೆ ಕೇಳಬಹುದು. 2019, 2024 ಎರಡೂ ಲೋಕಸಭಾ ಚುನಾವಣೆಗಳಲ್ಲಿ ಇಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಜನ ಹಾಕಿದ್ದಾರೆ. ಉರಿಬಿಸಿಲಲ್ಲಿ, ಯಾವ ದಂಡವೂ ಇಲ್ಲದೆ.

ಆಮೇಲೆ ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಲ್ಲಿ ಹಾಕುದ್ರೆ ಇಲ್ಲಿ ಹಾಕಂಗಿಲ್ಲ, ಅಲ್ವಾ?"

"ಇಲ್ಲ ತಾತ. ಎರಡು ದೇಶದ ಪೌರತ್ವ ನಮ್ಮಲ್ಲಿ ಇಲ್ವಲ್ಲ."

2019ರಲ್ಲಿ ಇದೇ ಮಂಡ್ಯದಲ್ಲಿ ತಾತನ ಜೊತೆ ಕ್ಯೂನಲ್ಲಿ ನಿಂತು ಹಾಕಿದ್ದೇ ಕೊನೆಯದು. ಆ ಗುರುತು ಉಗುರಿನ ಜೊತೆ ಬೆಳೆದು ಹೋಗೋ ಹೊತ್ತಿಗೆ ನಾನು ಮೆಲ್ಬರ್ನ್‌ನಲ್ಲಿದ್ದೆ.

ತಾತ ನನ್ನ ಎಡಗೈ ತೊಡೆ ಮೇಲೆ ಇಟ್ಟುಕೊಂಡು ತೋರುಬೆರಳಿನ ಉಗುರನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದರು.

"ಏಳವ್ವ, ಮುದ್ದೆ ಆರೋಯ್ತದೆ."